ರಾಮನಗರದ ಬಂಡೆಯಿಂದ ಜಿರ್ಕಾನ್ ಹರಳಿನವರೆಗೆ: ಗ್ರಾನೈಟ್ ಒಡಲೊಂದನ್ನು ಅಧ್ಯಯನ ಮಾಡುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ಬಿಡದಿ ದಾಟುತ್ತಿದ್ದಂತೆ ಬಂಡೆಗಳ ರೂಪವೇ ಬದಲಾಗುತ್ತದೆ. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ ಬೂದು ಬಣ್ಣದ, ಪಟ್ಟೆ ಪಟ್ಟೆಯಾದ ನೈಸ್ ಕಲ್ಲು ಹಿಂದೆ ಉಳಿಯುತ್ತದೆ. ಎದುರಿಗೆ ಬರುವುದು ಬೋಳು ನೆತ್ತಿಯ ದೊಡ್ಡ ಗುಡ್ಡಗಳು. ರಾಮದೇವರ ಬೆಟ್ಟ, ಅದರಾಚೆ ಸಾವನದುರ್ಗ. ಇವೆಲ್ಲ ಕ್ಲೋಸ್‌ಪೇಟೆ ಗ್ರಾನೈಟಿನ ಭಾಗ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದ ಹೆಸರು ಅದು.

ಈ ಗ್ರಾನೈಟ್ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದ ಇದೆ. ಅಗಲ ಮಾತ್ರ 20–30 ಕಿಲೋಮೀಟರ್. ಕನಕಪುರದ ದಕ್ಷಿಣದಿಂದ ಶುರುವಾಗಿ ಮಾಗಡಿ, ಮಧುಗಿರಿ, ಪಾವಗಡ, ಆಂಧ್ರದ ರಾಯದುರ್ಗದ ಕಡೆ ಹಾದು ಹಂಪಿಯ ಸುತ್ತಮುತ್ತ ತಲುಪುತ್ತದೆ. ನೆಲದಾಳದಲ್ಲಿ ಕರಗಿದ ಕಲ್ಲು, ಅಂದರೆ ಮ್ಯಾಗ್ಮಾ, ಸುತ್ತಲಿನ ಹಳೆಯ ಕಲ್ಲಿನೊಳಗೆ ನುಗ್ಗಿ, ಅಲ್ಲೇ ಗಟ್ಟಿಯಾಗಿ, ಮೇಲಿನ ಪದರಗಳು ಸವೆದ ಮೇಲೆ ನಮ್ಮ ಕಣ್ಣಿಗೆ ಬಿದ್ದದ್ದು.

ಇಂಥದೊಂದು ಒಡಲು ಎಲ್ಲಿಂದ ಬಂತು, ಯಾವಾಗ ಬಂತು, ಎಷ್ಟು ಆಳದಲ್ಲಿ, ಎಷ್ಟು ಬಿಸಿಯಲ್ಲಿ ಗಟ್ಟಿಯಾಯಿತು ಎಂದು ಕಂಡುಹಿಡಿಯುವುದು ಹೇಗೆ? ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕುತೂಹಲ ಇರುವ ಯಾರು ಬೇಕಾದರೂ ಓದಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹಂತಗಳ ಕ್ರಮ ಮುಖ್ಯ. ಪ್ರಯೋಗಾಲಯದ ಅಂಕಿಗಳಿಂದ ಶುರು ಮಾಡಿ ಆಮೇಲೆ ಬಂಡೆಯ ಹತ್ತಿರ ಹೋಗುವವರು ಈಗ ಜಾಸ್ತಿ. ಕ್ಲೋಸ್‌ಪೇಟೆಯ ವಿಷಯದಲ್ಲಂತೂ ಅಂಕಿಗಳಿಗೆ ಅರ್ಥ ಬರುವುದೇ ಬಂಡೆಯ ಮೇಲೆ ಕಂಡದ್ದರಿಂದ.

ಹಂತ 1: ನಕ್ಷೆಯ ಮುಂದೆ ಒಂದಷ್ಟು ದಿನ

ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ತೆಗೆದುಕೊಳ್ಳಿ. ರಾಮನಗರ, ಕನಕಪುರದ ಭಾಗಕ್ಕೆ 57 ಎಚ್ ಹಾಳೆ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ಪೋರ್ಟಲಿನಲ್ಲಿ ಶಿಲಾ ನಕ್ಷೆಗಳು ಸಿಗುತ್ತವೆ. ಇವೆರಡನ್ನೂ ಉಪಗ್ರಹ ಚಿತ್ರದ ಮೇಲೆ ಕೂರಿಸಿ ನೋಡಿ. ಗ್ರಾನೈಟ್ ಗುಡ್ಡಗಳು ಬೋಳಾಗಿ ತಿಳಿ ಬಣ್ಣದಲ್ಲಿ ಕಾಣುತ್ತವೆ. ನೈಸ್ ಇರುವ ಕಡೆ ನೆಲ ತಗ್ಗು, ಹೊಲಗದ್ದೆ ಜಾಸ್ತಿ.

ಸುತ್ತಲಿನ ಕಲ್ಲಿನ ಇತಿಹಾಸವನ್ನೂ ಈಗಲೇ ತಿಳಿದುಕೊಳ್ಳಿ. ಇಲ್ಲಿ ಅದು ಪೆನಿನ್ಸುಲರ್ ನೈಸ್. ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯ ಸ್ಮೀತ್ ಇಟ್ಟ ಹೆಸರು. ಇದರ ಹಳೆಯ ಭಾಗಗಳು 300 ಕೋಟಿ ವರ್ಷ ದಾಟಿದವು. ಇದರಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಷಿಯಂ ಕಡಿಮೆ. ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ ಪೊಟ್ಯಾಷಿಯಂ ಸಾಕಷ್ಟಿದೆ. ಈ ವ್ಯತ್ಯಾಸ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ, ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಅನುಮತಿಯ ವಿಷಯ. ರಾಮದೇವರ ಬೆಟ್ಟ ರಣಹದ್ದುಗಳ ಅಭಯಾರಣ್ಯ. ಹಂಪಿ ವಿಶ್ವ ಪರಂಪರೆಯ ತಾಣ. ಎರಡೂ ಕಡೆ ಸುತ್ತಿಗೆ ಹೊರಗೆ ತೆಗೆಯಲೇಬಾರದು. ಲಾಲ್‌ಬಾಗಿನ ಬಂಡೆಗೂ ಇದೇ ನಿಯಮ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಿಮಗೆ ಬೇಕಾಗಿರುವುದು ಕಲ್ಲು ಕ್ವಾರಿಗಳು. ಅಲ್ಲಿ ಕಲ್ಲು ಹೊಸದಾಗಿ ಒಡೆದಿರುತ್ತದೆ, ಬಿಸಿಲು ಮಳೆಗೆ ಕೆಟ್ಟಿರುವುದಿಲ್ಲ. ಮೊದಲು ಮೇಸ್ತ್ರಿಯನ್ನು ಮಾತಾಡಿಸಿ. ಬ್ಲಾಸ್ಟಿಂಗ್ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು, ಹೆಲ್ಮೆಟ್ ಹಾಕಿಕೊಂಡೇ ಒಳಗೆ ಹೋಗಿ.

ಹಂತ 2: ಬಂಡೆಯ ಮುಂದೆ ನಿಂತು ನೋಡುವುದು

ಇಡೀ ಅಧ್ಯಯನದಲ್ಲಿ ಅತಿ ಹೆಚ್ಚು ಹೊತ್ತು ಇಲ್ಲಿ ಹೋಗಬೇಕು. ಮೊದಲ ಅರ್ಧ ಗಂಟೆ ಸುತ್ತಿಗೆ ಮುಟ್ಟಬೇಡಿ. ಸುಮ್ನೆ ಕ್ವಾರಿಯ ಗೋಡೆಯ ಉದ್ದಕ್ಕೂ ನಡೆಯಿರಿ. ಎಷ್ಟು ಬಗೆಯ ಕಲ್ಲಿದೆ? ಯಾವುದು ಯಾವುದನ್ನು ಕತ್ತರಿಸಿಕೊಂಡು ಹೋಗಿದೆ? ಕತ್ತರಿಸಿದ್ದು ಹೊಸದು, ಕತ್ತರಿಸಿಕೊಂಡದ್ದು ಹಳೆಯದು. ಇಷ್ಟು ಸರಳ ನಿಯಮದಿಂದಲೇ ಒಂದು ಕ್ವಾರಿಯ ಕಾಲಾನುಕ್ರಮ ಸಿದ್ಧವಾಗುತ್ತದೆ.

ಕ್ಲೋಸ್‌ಪೇಟೆ ಪಟ್ಟಿಯಲ್ಲಿ ಮುಖ್ಯವಾಗಿ ಮೂರ್ನಾಲ್ಕು ಬಗೆ ಕಾಣಿಸುತ್ತವೆ. ಕಪ್ಪು ಛಾಯೆಯ, ಬೆಣಚು ಕಡಿಮೆ ಇರುವ ಮಾಂಜೋನೈಟ್ ಒಂದು. ಫೆಲ್ಡ್‌ಸ್ಪಾರ್ ಎಂಬ ತಿಳಿ ಬಣ್ಣದ ಖನಿಜದ ಸೆಂಟಿಮೀಟರ್‌ಗಟ್ಟಲೆ ಉದ್ದದ ಹರಳುಗಳಿರುವ ಪಾರ್ಫಿರಿ ಗ್ರಾನೈಟ್ ಇನ್ನೊಂದು. ಇದೇ ಪಟ್ಟಿಯ ಮುಖ್ಯ ಭಾಗ. ಆಮೇಲೆ ಸಮ ಗಾತ್ರದ ಹರಳುಗಳ ಗುಲಾಬಿ ಮತ್ತು ಬೂದು ಗ್ರಾನೈಟ್. ಕೊನೆಗೆ ಇವೆಲ್ಲದರ ನಡುವೆ ನುಗ್ಗಿದ ಬಿಳಿ, ಗುಲಾಬಿ ಎಳೆಗಳು.

ಈಗ ಕಪ್ಪು ಮಚ್ಚೆಗಳನ್ನು ಹುಡುಕಿ. ಗ್ರಾನೈಟಿನೊಳಗೆ ಸಿಕ್ಕಿಕೊಂಡ ಬೇರೆ ಬಗೆಯ ತುಂಡುಗಳಿಗೆ ಎನ್‌ಕ್ಲೇವ್ ಎನ್ನುತ್ತಾರೆ. ಇವುಗಳಲ್ಲಿ ಎರಡು ಜಾತಿ.

ಮೊದಲನೆಯದು ಸುತ್ತಲಿನ ಹಳೆಯ ಕಲ್ಲು ಒಡೆದು ಒಳಗೆ ಬಿದ್ದದ್ದು. ಅಂಚು ಚೂಪಾಗಿರುತ್ತದೆ. ಒಳಗೆ ನೈಸಿನ ಪಟ್ಟೆಗಳು ಇನ್ನೂ ಕಾಣುತ್ತವೆ. ಆ ಪಟ್ಟೆಗಳ ದಿಕ್ಕಿಗೂ ಹೊರಗಿನ ಗ್ರಾನೈಟಿಗೂ ಸಂಬಂಧ ಇರುವುದಿಲ್ಲ.

ಎರಡನೆಯದು ಬಹಳ ಮುಖ್ಯ. ಗುಂಡಗೆ, ಮೊಟ್ಟೆಯಾಕಾರದಲ್ಲಿ, ಅಲೆ ಅಲೆಯಾದ ಅಂಚಿನಲ್ಲಿ ಇರುತ್ತವೆ. ಹರಳು ಬಹಳ ಸಣ್ಣ. ಅಂಚಿನಲ್ಲಿ ಇನ್ನೂ ಸಣ್ಣ. ಅಂದರೆ ಬಿಸಿಯಾದ ಕಪ್ಪು ಮ್ಯಾಗ್ಮಾ ತನಗಿಂತ ತಣ್ಣಗಿನ ಗ್ರಾನೈಟ್ ಮ್ಯಾಗ್ಮಾದೊಳಗೆ ಬಂದು ಬೇಗ ಗಟ್ಟಿಯಾಗಿದೆ. ಹತ್ತಿರದಿಂದ ನೋಡಿ. ಆ ಕಪ್ಪು ಮಚ್ಚೆಯೊಳಗೆ ಹೊರಗಿನ ಗ್ರಾನೈಟಿನದೇ ದೊಡ್ಡ ಫೆಲ್ಡ್‌ಸ್ಪಾರ್ ಹರಳು ಇದೆಯಾ? ಅಂಚಿನ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಕೂತ ಹರಳು ಸಿಕ್ಕರೆ ಇನ್ನೂ ಒಳ್ಳೆಯದು. ಗಟ್ಟಿಯಾದ ಕಲ್ಲಿನೊಳಗೆ ಅಷ್ಟು ದೊಡ್ಡ ಹರಳು ತೂರಿಕೊಂಡು ಹೋಗಲು ಆಗುವುದಿಲ್ಲ. ಎರಡೂ ದ್ರವವಾಗಿದ್ದಾಗಲೇ ಒಂದರ ಹರಳು ಇನ್ನೊಂದಕ್ಕೆ ದಾಟಿದೆ. ಎರಡು ಮ್ಯಾಗ್ಮಾಗಳು ಭೇಟಿಯಾದವು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಯಾವ ಯಂತ್ರವೂ ಕೊಡುವುದಿಲ್ಲ. ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಕೈಯಲ್ಲಿ ಚಿತ್ರವನ್ನೂ ಬರೆಯಿರಿ.

ಮುಂದೆ ಹರಳುಗಳ ದಿಕ್ಕು. ದೊಡ್ಡ ಫೆಲ್ಡ್‌ಸ್ಪಾರ್‌ಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿವೆಯಾ? ದಿಕ್ಸೂಚಿ ಮತ್ತು ಕ್ಲೈನೋಮೀಟರ್ ಹಿಡಿದು ಅಳೆಯಿರಿ. ಒಂದು ಜಾಗದಲ್ಲಿ ಒಂದೇ ಅಳತೆ ಸಾಲದು, ಹತ್ತಿಪ್ಪತ್ತು ಬೇಕು. ಹರಳುಗಳು ಸಾಲಾಗಿದ್ದರೂ ಅವುಗಳ ನಡುವಿನ ಬೆಣಚು ಜಜ್ಜಿಲ್ಲದಿದ್ದರೆ, ಮ್ಯಾಗ್ಮಾ ಇನ್ನೂ ಹರಿಯುತ್ತಿದ್ದಾಗ ಆದ ಸಾಲು ಅದು. ಬೆಣಚು ರಿಬ್ಬನ್ನಿನಂತೆ ಎಳೆದುಕೊಂಡಿದ್ದರೆ ಗಟ್ಟಿಯಾದ ಮೇಲೂ ಒತ್ತಡ ಬಿದ್ದಿದೆ. ಕ್ಲೋಸ್‌ಪೇಟೆಯ ದಕ್ಷಿಣ ಭಾಗದಲ್ಲಿ ಎರಡೂ ಕಾಣುತ್ತವೆ. ನೆಲ ಜರುಗುತ್ತಿದ್ದ ಪಟ್ಟಿಗಳಲ್ಲೇ ಈ ಮ್ಯಾಗ್ಮಾ ಮೇಲೇರಿತು ಎನ್ನುವ ವಾದ ನಿಂತಿರುವುದು ಇಂಥ ಅಳತೆಗಳ ಮೇಲೆ. ಇಷ್ಟು ಉದ್ದ, ಇಷ್ಟು ಕಿರಿದಾದ ಆಕಾರಕ್ಕೂ ಅದು ಹೊಂದುತ್ತದೆ.

ಕೊನೆಗೆ ಅಂಚು. ಗ್ರಾನೈಟ್ ಮತ್ತು ನೈಸ್ ಸೇರುವ ಜಾಗವನ್ನು ಒಂದು ಕಡೆ ನೋಡಿ ಮುಗಿಸಬೇಡಿ. ದಕ್ಷಿಣದಲ್ಲಿ, ಕನಕಪುರದ ಕಡೆ, ಗೆರೆ ಎಳೆದ ಹಾಗೆ ಅಂಚು ಸಿಗುವುದಿಲ್ಲ. ನೈಸ್ ಅರ್ಧ ಕರಗಿದೆ, ಅದರೊಳಗೆ ಗುಲಾಬಿ ಎಳೆಗಳು ತುಂಬಿವೆ, ಎಲ್ಲಿ ನೈಸ್ ಮುಗಿದು ಎಲ್ಲಿ ಗ್ರಾನೈಟ್ ಶುರು ಎಂದು ಹೇಳುವುದೇ ಕಷ್ಟ. ಉತ್ತರಕ್ಕೆ ಹೋದಂತೆ ಅಂಚು ಸ್ಪಷ್ಟವಾಗುತ್ತದೆ. ಬೇರೆ ಬೇರೆ ಸಣ್ಣ ಒಡಲುಗಳಾಗಿ ಗ್ರಾನೈಟ್ ಕಾಣಿಸುತ್ತದೆ. ಯಾಕೆ ಹೀಗೆ ಎನ್ನುವುದು ಹಂತ 7ರಲ್ಲಿ ಬರುತ್ತದೆ.

ಹಿಂದೆ ಈ ಮಸುಕಾದ ಅಂಚುಗಳನ್ನು ನೋಡಿಯೇ ದೊಡ್ಡ ಜಗಳ ನಡೆದಿತ್ತು. ಗ್ರಾನೈಟ್ ಮ್ಯಾಗ್ಮಾದಿಂದ ಬಂತೋ, ಅಥವಾ ಹಳೆಯ ಕಲ್ಲೇ ಇದ್ದಲ್ಲೇ ಬದಲಾಗಿ ಗ್ರಾನೈಟ್ ಆಯಿತೋ ಎಂದು. 20ನೇ ಶತಮಾನದ ನಡುವಿನ ಹೊತ್ತಿಗೆ ಪ್ರಪಂಚದ ಎಲ್ಲ ಕಡೆ ಇದೇ ಚರ್ಚೆ. ನಮ್ಮ ಬಿ.ಪಿ. ರಾಧಾಕೃಷ್ಣ 1956ರಲ್ಲೇ ಕ್ಲೋಸ್‌ಪೇಟೆ ಗ್ರಾನೈಟುಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದರು. ಹಳೆಯವರ ಕ್ಷೇತ್ರ ವಿವರಣೆಗಳನ್ನು ಇವತ್ತಿಗೂ ಓದಬೇಕು. ಅವರ ತೀರ್ಮಾನ ಹಳತಾಗಿರಬಹುದು, ಕಣ್ಣು ಹಳತಾಗಿಲ್ಲ.

ಹಂತ 3: ಮಾದರಿ ತೆಗೆಯುವುದು

ಹರಳು ದೊಡ್ಡದಾದಷ್ಟೂ ಮಾದರಿ ದೊಡ್ಡದಿರಬೇಕು. ಸಣ್ಣ ಹರಳಿನ ಬೂದು ಗ್ರಾನೈಟಿಗೆ ಎರಡು ಕಿಲೋ ಸಾಕು. ಪಾರ್ಫಿರಿ ಗ್ರಾನೈಟಿಗೆ ಹತ್ತು ಕಿಲೋ ಆದರೂ ಬೇಕು. ಮುಷ್ಟಿ ಗಾತ್ರದ ತುಂಡಿನಲ್ಲಿ ಎರಡು ದೊಡ್ಡ ಫೆಲ್ಡ್‌ಸ್ಪಾರ್ ಇದ್ದುಬಿಟ್ಟರೆ ಪೊಟ್ಯಾಷಿಯಂ ಅಂಕಿ ಸುಳ್ಳು ಹೇಳುತ್ತದೆ.

ಬಣ್ಣ ಕೆಟ್ಟ ಹೊರಪದರವನ್ನು ಅಲ್ಲೇ ಒಡೆದು ಬಿಸಾಡಿ. ಎನ್‌ಕ್ಲೇವ್, ಅದರ ಹೊರಗಿನ ಗ್ರಾನೈಟ್, ಪಕ್ಕದ ನೈಸ್ ಮೂರನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ. ನೈಸ್ ಬೇಡ ಎಂದು ಬಿಟ್ಟುಬರುವವರು ಇದ್ದಾರೆ. ಆಮೇಲೆ ಹಂತ 6ರಲ್ಲಿ ಮಿಶ್ರಣದ ಲೆಕ್ಕ ಮಾಡುವಾಗ ಒಂದು ತುದಿಯೇ ಇರುವುದಿಲ್ಲ. ಪ್ರತಿ ಚೀಲದ ಮೇಲೂ, ಒಳಗಿನ ಚೀಟಿಯಲ್ಲೂ ಸಂಖ್ಯೆ ಬರೆಯಿರಿ. ಜಿಪಿಎಸ್ ಓದಿಕೆಯನ್ನು ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳಿ.

ಹಂತ 4: ಸೂಕ್ಷ್ಮದರ್ಶಕ ಮತ್ತು ಹೆಸರಿಡುವುದು

ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಥಿನ್ ಸೆಕ್ಷನ್ ಮಾಡಿಸಿ. ಅದರಲ್ಲಿ ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ಬಯೋಟೈಟ್ ಎಂಬ ಕಪ್ಪು ಕಾಗೆಬಂಗಾರ, ಹಾರ್ನ್‌ಬ್ಲೆಂಡ್ ಎಂಬ ಇನ್ನೊಂದು ಕಪ್ಪು ಖನಿಜ ಇವುಗಳನ್ನು ಗುರುತಿಸಿ ಎಣಿಸಬೇಕು. ದೊಡ್ಡ ಹರಳಿನ ಕಲ್ಲಿಗೆ ಒಂದು ಸೆಕ್ಷನ್ ಸಾಲದು. ಅಂಥ ಕಲ್ಲನ್ನು ಚಪ್ಪಡಿಯಾಗಿ ಕುಯ್ದು, ಬಣ್ಣ ಹಚ್ಚಿ ಎಣಿಸುವುದೇ ವಾಸಿ. ಹೈಡ್ರೋಫ್ಲೋರಿಕ್ ಆಮ್ಲ ತೋರಿಸಿ ಸೋಡಿಯಂ ಕೋಬಾಲ್ಟಿನೈಟ್ರೈಟ್ ಹಚ್ಚಿದರೆ ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್ ಅಚ್ಚ ಹಳದಿಯಾಗುತ್ತದೆ. ಆದರೆ ಈ ಆಮ್ಲ ಚರ್ಮದೊಳಗೆ ಇಳಿದು ಮೂಳೆಯವರೆಗೆ ಹೋಗುವಂಥದ್ದು. ಫ್ಯೂಮ್ ಹುಡ್, ಸರಿಯಾದ ಕೈಗವಸು, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಜೊತೆಗೆ ಅನುಭವ ಇರುವ ಒಬ್ಬರು, ಇಷ್ಟೂ ಇಲ್ಲದೆ ಬಾಟಲಿ ಮುಟ್ಟಬೇಡಿ.

ಹೆಸರಿಡುವ ಲೆಕ್ಕ ಸುಲಭ. ಉದಾಹರಣೆಗೆ ಎಣಿಕೆಯಲ್ಲಿ ಬೆಣಚು 28, ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್ 32, ಪ್ಲೇಜಿಯೋಕ್ಲೇಸ್ (ಸೋಡಿಯಂ–ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್) 30, ಕಪ್ಪು ಖನಿಜಗಳು 10 ಬಂದವು ಎನ್ನಿ. ಕಪ್ಪು ಖನಿಜ ಬಿಟ್ಟು ಉಳಿದ 90ನ್ನು ನೂರಕ್ಕೆ ಏರಿಸಿ. ಬೆಣಚು 31.1 ಆಯಿತು. 20ರಿಂದ 60ರೊಳಗೆ ಬಂದರೆ ಗ್ರಾನಿಟಾಯ್ಡ್ ಗುಂಪು. ಒಟ್ಟು ಫೆಲ್ಡ್‌ಸ್ಪಾರ್‌ನಲ್ಲಿ ಪ್ಲೇಜಿಯೋಕ್ಲೇಸ್ ಪಾಲು 48 ಶೇಕಡಾ. 35ರಿಂದ 65ರ ನಡುವೆ ಇರುವುದರಿಂದ ಹೆಸರು ಮಾಂಜೋಗ್ರಾನೈಟ್. 65 ದಾಟಿದ್ದರೆ ಗ್ರಾನೋಡಯೋರೈಟ್, 90 ದಾಟಿದ್ದರೆ ಟೋನಲೈಟ್. ಬೆಣಚು 5ಕ್ಕಿಂತ ಕಡಿಮೆ ಇದ್ದರೆ ಮಾಂಜೋನೈಟ್ ಕಡೆಗೆ ಹೋಗುತ್ತೀರಿ.

ಎನ್‌ಕ್ಲೇವ್‌ನ ಸೆಕ್ಷನ್ನಿನಲ್ಲಿ ಅಪಟೈಟ್ ಎಂಬ ಫಾಸ್ಫೇಟ್ ಖನಿಜದ ಹರಳಿನ ಆಕಾರ ನೋಡಿ. ಸೂಜಿಯ ಹಾಗೆ ಉದ್ದಕ್ಕೆ ತೆಳ್ಳಗಿದ್ದರೆ ಆ ಮ್ಯಾಗ್ಮಾ ಬೇಗ ತಣ್ಣಗಾಯಿತು ಎಂದರ್ಥ. ಕ್ವಾರಿಯಲ್ಲಿ ಕಂಡದ್ದಕ್ಕೆ ಇದು ಎರಡನೇ ಸಾಕ್ಷಿ.

ಹಂತ 5: ಪುಡಿ, ಆಮ್ಲ, ಯಂತ್ರ

ಇದನ್ನು ಬೇಗ ಮುಗಿಸೋಣ, ಆದರೆ ಮೂರು ಎಚ್ಚರಿಕೆ ಬೇಕು.

ಕಲ್ಲನ್ನು ಯಾವುದರಲ್ಲಿ ಅರೆಯುತ್ತೀರಿ ಎಂದು ಕೇಳಿ ತಿಳಿಯಿರಿ. ಟಂಗ್‌ಸ್ಟನ್ ಕಾರ್ಬೈಡ್ ಮಿಲ್ಲಿನಿಂದ ಟಂಗ್‌ಸ್ಟನ್, ಕೋಬಾಲ್ಟ್, ಕೆಲವೊಮ್ಮೆ ಟ್ಯಾಂಟಲಮ್ ಕೂಡ ಪುಡಿಗೆ ಸೇರುತ್ತದೆ. ಉಕ್ಕಿನ ಮಿಲ್ಲಿನಿಂದ ಕಬ್ಬಿಣ, ಕ್ರೋಮಿಯಂ. ಅಗೇಟ್ ನಿಧಾನ, ಆದರೆ ಶುದ್ಧ.

ಮುಖ್ಯ ಆಕ್ಸೈಡುಗಳಿಗೆ ಎಕ್ಸ್‌ಆರ್‌ಎಫ್ (ಎಕ್ಸ್ ಕಿರಣ ಹಾಯಿಸಿ ಅಳೆಯುವ ಯಂತ್ರ), ಅತ್ಯಲ್ಪ ಪ್ರಮಾಣದಲ್ಲಿರುವ ವಿರಳ ಧಾತುಗಳಿಗೆ ಐಸಿಪಿ-ಎಂಎಸ್ (ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್) ಸಾಮಾನ್ಯ. ಐಸಿಪಿ-ಎಂಎಸ್‌ಗೆ ಪುಡಿಯನ್ನು ತೆರೆದ ಬೀಕರಿನಲ್ಲಿ ಆಮ್ಲಕ್ಕೆ ಹಾಕಿ ಕರಗಿಸಿದರೆ ಜಿರ್ಕೋನಿಯಂ ಇರುವ ಜಿರ್ಕಾನ್ ಎಂಬ ಖನಿಜ ಕರಗದೆ ತಳದಲ್ಲಿ ಉಳಿಯುತ್ತದೆ. ಆಗ ಜಿರ್ಕೋನಿಯಂ, ಹಾಫ್ನಿಯಂ, ಭಾರದ ವಿರಳ ಭಸ್ಮ (ರೇರ್ ಅರ್ಥ್) ಧಾತುಗಳು ಕಡಿಮೆ ಬರುತ್ತವೆ. ಗ್ರಾನೈಟಿಗೆ ಲಿಥಿಯಂ ಬೋರೇಟ್ ಜೊತೆ ಕರಗಿಸುವ ವಿಧಾನ, ಇಲ್ಲವೇ ಒತ್ತಡದ ಪಾತ್ರೆ ಬೇಕೇ ಬೇಕು. ಎಕ್ಸ್‌ಆರ್‌ಎಫ್ ಕೊಟ್ಟ ಜಿರ್ಕೋನಿಯಂಗಿಂತ ಐಸಿಪಿ-ಎಂಎಸ್ ಕೊಟ್ಟದ್ದು ಬಹಳ ಕಡಿಮೆ ಇದ್ದರೆ ಕಾರಣ ಇದೇ.

ಇನ್ನೊಂದು, ಒಟ್ಟು ಮೊತ್ತ. ಬಿಸಿ ಮಾಡಿದಾಗ ಹೋದ ತೂಕವನ್ನೂ ಸೇರಿಸಿ 98.5ರಿಂದ 101.5 ಶೇಕಡಾ ಒಳಗೆ ಬರದ ವಿಶ್ಲೇಷಣೆಯನ್ನು ಪಕ್ಕಕ್ಕಿಡಿ.

ಹಂತ 6: ಅಂಕಿಗಳನ್ನು ಓದುವುದು

ಮೊದಲು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಲೆಕ್ಕ. ಲೆಕ್ಕ ತೋರಿಸಲಿಕ್ಕೆಂದೇ ಇಟ್ಟುಕೊಂಡ ಅಂಕಿಗಳು ಇವು: ಅಲ್ಯುಮಿನಾ 14.5, ಕ್ಯಾಲ್ಸಿಯಂ ಆಕ್ಸೈಡ್ 2.0, ಸೋಡಿಯಂ ಆಕ್ಸೈಡ್ 3.8, ಪೊಟ್ಯಾಷಿಯಂ ಆಕ್ಸೈಡ್ 4.6 ಶೇಕಡಾ. ಪ್ರತಿಯೊಂದನ್ನೂ ಅದರ ಅಣುತೂಕದಿಂದ ಭಾಗಿಸಿ. ಅಲ್ಯುಮಿನಾ 0.1422. ಉಳಿದ ಮೂರು ಸೇರಿ 0.1458. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.98 ಸಿಗುತ್ತದೆ. ಇದೇ ಎ/ಸಿಎನ್‌ಕೆ. 1ಕ್ಕಿಂತ ಸ್ವಲ್ಪ ಕಡಿಮೆ. ಹಾರ್ನ್‌ಬ್ಲೆಂಡ್ ಇರುವ ಗ್ರಾನೈಟುಗಳಲ್ಲಿ ಸಾಮಾನ್ಯವಾಗಿ ಹೀಗೇ ಬರುತ್ತದೆ.

1974ರಲ್ಲಿ ಚ್ಯಾಪೆಲ್ ಮತ್ತು ವೈಟ್ ಆಸ್ಟ್ರೇಲಿಯಾದ ಗ್ರಾನೈಟುಗಳನ್ನು ಎರಡಾಗಿ ವಿಂಗಡಿಸಿದರು. ಅಗ್ನಿಶಿಲೆ ಕರಗಿ ಬಂದದ್ದು ಐ ಬಗೆ, ಮಣ್ಣುಮರಳಿನ ಜಲಜ ಶಿಲೆ ಕರಗಿ ಬಂದದ್ದು ಎಸ್ ಬಗೆ. ಈ ಅನುಪಾತ 1.1 ದಾಟಿದರೆ ಎಸ್ ಕಡೆ ಅನುಮಾನ. ಒಳ್ಳೆಯ ವಿಂಗಡಣೆಯೇ. ಆದರೆ ಪ್ರತಿ ಗ್ರಾನೈಟಿಗೂ ಒಬ್ಬಳೇ ತಾಯಿ ಇರಬೇಕು ಎನ್ನುವ ಅಭ್ಯಾಸ ಇದರಿಂದ ಬಂತು. ಕ್ಲೋಸ್‌ಪೇಟೆಗೆ ಇಬ್ಬರು ತಾಯಂದಿರು.

ಅದು ಹೇಗೆ ಗೊತ್ತು? ಹಾರ್ಕರ್ ನಕ್ಷೆ ಬರೆಯಿರಿ. ಅಡ್ಡಕ್ಕೆ ಸಿಲಿಕಾ, ಉದ್ದಕ್ಕೆ ಒಂದೊಂದೇ ಧಾತು. ಕ್ಲೋಸ್‌ಪೇಟೆಯ ಮಾದರಿಗಳು ಸುಮಾರು 50 ಶೇಕಡಾ ಸಿಲಿಕಾದಿಂದ 70 ದಾಟುವವರೆಗೂ ಹರಡಿಕೊಳ್ಳುತ್ತವೆ. ಒಂದೇ ಮ್ಯಾಗ್ಮಾದಿಂದ ಹರಳುಗಳು ಬೇರೆಯಾಗುತ್ತಾ ಹೋದರೆ ಗೆರೆ ಬಾಗುತ್ತದೆ, ಹೊಸ ಖನಿಜ ಹುಟ್ಟಿದಲ್ಲಿ ತಿರುವು ಬರುತ್ತದೆ. ಎರಡು ಮ್ಯಾಗ್ಮಾ ಬೆರೆತರೆ ಗೆರೆ ನೇರ. ಎಲ್ಲ ಧಾತುಗಳಲ್ಲೂ ನೇರವಾಗಿರಬೇಕು, ಎರಡು ಮೂರರಲ್ಲಿ ಇದ್ದರೆ ಸಾಲದು. ಎರಡು ಅನುಪಾತಗಳನ್ನು ಎದುರು ಬದುರು ಇಟ್ಟರೆ ಮಿಶ್ರಣ ಹೈಪರ್ಬೋಲಾ ಆಗಿ ಕಾಣಬೇಕು. ಅದನ್ನೂ ಪರೀಕ್ಷಿಸಿ.

ಆಮೇಲೆ ಆ ಗೆರೆಯ ಎರಡು ತುದಿಗಳು ಯಾರು ಎಂದು ಕೇಳಬೇಕು. ಸಿಲಿಕಾ ಹೆಚ್ಚಿರುವ ತುದಿ ಪೆನಿನ್ಸುಲರ್ ನೈಸ್ ಕರಗಿ ಬಂದ ದ್ರವಕ್ಕೆ ಹೊಂದುತ್ತದೆ. ಕಪ್ಪು ತುದಿಯ ಕಥೆ ಸ್ವಾರಸ್ಯದ್ದು. ಅಲ್ಲಿ ಮೆಗ್ನೀಷಿಯಂ, ನಿಕಲ್, ಕ್ರೋಮಿಯಂ ಜಾಸ್ತಿ. ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಕಡೆಗೆ ಬೊಟ್ಟು ಮಾಡುವ ಧಾತುಗಳು ಇವು. ಅದೇ ಕಲ್ಲಿನಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಪೊಟ್ಯಾಷಿಯಂ, ಹಗುರ ವಿರಳ ಭಸ್ಮ ಧಾತುಗಳೂ ಜಾಸ್ತಿ. ಇವು ಸಾಮಾನ್ಯ ಮ್ಯಾಂಟಲಿನಲ್ಲಿ ಇರುವುದು ಬಹಳ ಕಡಿಮೆ. ಎರಡೂ ಒಂದೇ ಕಲ್ಲಿನಲ್ಲಿ ಸಿಗಬೇಕಾದರೆ ಆ ಮ್ಯಾಂಟಲಿಗೆ ಮೊದಲೇ ಬೇರೆಡೆಯಿಂದ ದ್ರವ ಸೇರಿ ಅದರ ರಸಾಯನ ಬದಲಾಗಿರಬೇಕು. ಇಂಥ ಕಲ್ಲುಗಳಿಗೆ ಜಪಾನಿನ ಸನುಕಿ ಪ್ರದೇಶದ ಹೆಸರಿನಿಂದ ಸನುಕಿಟಾಯ್ಡ್ ಎನ್ನುತ್ತಾರೆ. 2001ರಲ್ಲಿ ಮೊಯೆನ್, ಮಾರ್ಟಿನ್ ಮತ್ತು ಜಯಾನಂದ ಧಾತುಗಳ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ಹೀಗೆ ಬದಲಾದ ಮ್ಯಾಂಟಲಿನಿಂದ ಬಂದ ಮ್ಯಾಗ್ಮಾ, ಹಳೆಯ ನೈಸನ್ನು ಕರಗಿಸಿ ಅದರೊಂದಿಗೆ ಬೆರೆಯಿತು.

ಈಗ ಕ್ವಾರಿಯಲ್ಲಿ ಕಂಡ ಕಪ್ಪು ಮಚ್ಚೆ ನೆನಪಿಸಿಕೊಳ್ಳಿ. ನೇರ ಗೆರೆ ಬೇರೆ ಕಾರಣದಿಂದಲೂ ಬರಬಹುದು. ಕರಗಿದ ಭಾಗಕ್ಕೆ ಕರಗದೆ ಉಳಿದ ಹರಳುಗಳು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಕೊಂಡರೂ ಹೀಗೆ ಕಾಣುತ್ತದೆ. ಇವೆರಡರಲ್ಲಿ ಯಾವುದು ಎಂದು ನಿರ್ಧರಿಸುವುದು ಆ ಎನ್‌ಕ್ಲೇವ್, ಅದರ ಅಂಚಿನ ಮೇಲೆ ಕೂತ ಫೆಲ್ಡ್‌ಸ್ಪಾರ್.

ವಿರಳ ಭಸ್ಮ ಧಾತುಗಳ ನಕ್ಷೆಯಲ್ಲಿ ಎರಡು ವಿಷಯ ನೋಡಿ. ಯುರೋಪಿಯಂ ಹತ್ತಿರ ತಗ್ಗು ಇದೆಯಾ? ಪ್ಲೇಜಿಯೋಕ್ಲೇಸ್ ಯುರೋಪಿಯಂ ಹಿಡಿದುಕೊಳ್ಳುತ್ತದೆ. ಅದು ಮೂಲದಲ್ಲೇ ಉಳಿದಿದ್ದರೆ, ಇಲ್ಲವೇ ದಾರಿಯಲ್ಲಿ ಬೇರೆಯಾಗಿದ್ದರೆ ಕಲ್ಲಿನಲ್ಲಿ ತಗ್ಗು ಕಾಣುತ್ತದೆ. ಬಲತುದಿ, ಇಟರ್ಬಿಯಂ ಕಡೆ, ತೀರಾ ಇಳಿದಿದೆಯಾ? ಗಾರ್ನೆಟ್ ಭಾರದ ಧಾತುಗಳನ್ನು ಹಿಡಿದಿಡುತ್ತದೆ. ಅದು ಮೂಲದಲ್ಲಿ ಉಳಿದಿತ್ತು, ಅಂದರೆ ಕರಗಿದ್ದು ಆಳದಲ್ಲಿ. ಹಳೆಯ ಸೋಡಿಯಂ ನೈಸುಗಳ ಬಹುಪಾಲಿನಲ್ಲಿ ಈ ಇಳಿಜಾರು ಚೆನ್ನಾಗಿ ಕಾಣುತ್ತದೆ.

ಹಂತ 7: ಎಷ್ಟು ಆಳ, ಎಷ್ಟು ಬಿಸಿ

ಆಳಕ್ಕೆ ಹಾರ್ನ್‌ಬ್ಲೆಂಡ್ ನೆರವಾಗುತ್ತದೆ. ಒತ್ತಡ ಹೆಚ್ಚಿದಂತೆ ಅದರೊಳಗಿನ ಅಲ್ಯುಮಿನಿಯಂ ಹೆಚ್ಚುತ್ತದೆ. 1992ರ ಶ್ಮಿಟ್ ಸೂತ್ರ ಹೀಗಿದೆ: ಅಲ್ಯುಮಿನಿಯಂ ಸಂಖ್ಯೆಯನ್ನು (ಹಾರ್ನ್‌ಬ್ಲೆಂಡಿನ ರಾಸಾಯನಿಕ ಸೂತ್ರದಲ್ಲಿ ಅದರ ಪರಮಾಣುಗಳ ಎಣಿಕೆ) 4.76ರಿಂದ ಗುಣಿಸಿ 3.01 ಕಳೆದರೆ ಕಿಲೋಬಾರ್ ಲೆಕ್ಕದಲ್ಲಿ ಒತ್ತಡ. ಅಲ್ಯುಮಿನಿಯಂ 1.5 ಇದ್ದರೆ 4.1 ಕಿಲೋಬಾರ್. ಒಂದು ಕಿಲೋಬಾರಿಗೆ ಸುಮಾರು 3.7 ಕಿಲೋಮೀಟರ್ ಹಿಡಿದರೆ 15 ಕಿಲೋಮೀಟರ್ ಆಳ.

ಸೂತ್ರ ಸುಲಭ, ಷರತ್ತು ಜಾಸ್ತಿ. ಬೆಣಚು, ಎರಡೂ ಫೆಲ್ಡ್‌ಸ್ಪಾರ್, ಬಯೋಟೈಟ್, ಟೈಟನೈಟ್, ಕಬ್ಬಿಣ–ಟೈಟೇನಿಯಂ ಆಕ್ಸೈಡ್ ಎಲ್ಲವೂ ಹಾರ್ನ್‌ಬ್ಲೆಂಡ್ ಜೊತೆಗಿರಬೇಕು. ಹರಳಿನ ನಡುವನ್ನಲ್ಲ, ಅಂಚನ್ನು ಅಳೆಯಬೇಕು. ಕಬ್ಬಿಣ ತೀರಾ ಹೆಚ್ಚಿರುವ ಹಾರ್ನ್‌ಬ್ಲೆಂಡ್ ಆಗುವುದಿಲ್ಲ. ಎಲ್ಲ ಸರಿಯಿದ್ದರೂ 0.6 ಕಿಲೋಬಾರ್ ಆಚೀಚೆ ಇದ್ದದ್ದೇ.

ಬಿಸಿಗೆ ಜಿರ್ಕೋನಿಯಂ. 1983ರಲ್ಲಿ ವಾಟ್ಸನ್ ಮತ್ತು ಹ್ಯಾರಿಸನ್ ಕೊಟ್ಟ ವಿಧಾನದಲ್ಲಿ, ದ್ರವದಲ್ಲಿ ಎಷ್ಟು ಜಿರ್ಕೋನಿಯಂ ಕರಗಬಲ್ಲದು ಎನ್ನುವುದರಿಂದ ತಾಪಮಾನ ಸಿಗುತ್ತದೆ. ಕಲ್ಲಿನಲ್ಲಿ ಹಳೆಯ ಜಿರ್ಕಾನ್ ತಿರುಳುಗಳಿದ್ದರೆ ಈ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಇಲ್ಲದಿದ್ದರೆ ಕನಿಷ್ಠ ತಾಪಮಾನ ಎಂದು ತಿಳಿಯಿರಿ. ಅಳತೆಗೋಲು ನೆನಪಿರಲಿ: ನೀರು ತುಂಬಿದ ಗ್ರಾನೈಟ್ 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ, ನೀರಿಲ್ಲದಿದ್ದರೆ ಇನ್ನೂ ಇನ್ನೂರು ಮುನ್ನೂರು ಡಿಗ್ರಿ ಜಾಸ್ತಿ ಬೇಕು.

ಮ್ಯಾಗ್ಮಾದಲ್ಲಿ ಆಮ್ಲಜನಕದ ಸ್ಥಿತಿ ಹೇಗಿತ್ತು ಎಂದು ತಿಳಿಯಲು ಸುಲಭದ ದಾರಿ ಇದೆ. ಕಲ್ಲು ಎಷ್ಟು ಕಾಂತೀಯ ಎಂದು ಅಳೆಯುವ, ಕೈಯಲ್ಲಿ ಹಿಡಿಯುವ ಸಸೆಪ್ಟಿಬಿಲಿಟಿ ಮೀಟರನ್ನು ಬಂಡೆಗೆ ಒತ್ತಿ ಹಿಡಿದರೆ ಆಯಿತು. ಜಪಾನಿನ ಇಶಿಹಾರ 1977ರಲ್ಲಿ ಗ್ರಾನೈಟುಗಳನ್ನು ಮ್ಯಾಗ್ನೆಟೈಟ್ ಸರಣಿ, ಇಲ್ಮೆನೈಟ್ ಸರಣಿ ಎಂದು ವಿಂಗಡಿಸಿದ್ದರ ಹಿಂದೆ ಇರುವುದು ಈ ಗುಣವೇ.

ಇನ್ನು ದಕ್ಷಿಣದ ಮಸುಕಾದ ಅಂಚಿಗೆ ಬರೋಣ. ಧಾರವಾಡ ಕ್ರೇಟಾನ್ ಎನ್ನುವ ನಮ್ಮ ಹಳೆಯ ಭೂಖಂಡ ವಾಲಿಕೊಂಡಿದೆ. ದಕ್ಷಿಣದ ಕಡೆ ಮೇಲೆದ್ದು, ಹೆಚ್ಚು ಸವೆದಿದೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ನಡೆಯುವುದೆಂದರೆ ಒಂದು ಕಾಲದ ನೆಲದಾಳಕ್ಕೆ ಇಳಿದ ಹಾಗೆ. ಕಬ್ಬಾಳದುರ್ಗದ ಹತ್ತಿರ ಸುತ್ತಲಿನ ಕಲ್ಲುಗಳು ಸುಮಾರು 5–6 ಕಿಲೋಬಾರ್ ತೋರಿಸುತ್ತವೆ. ಅಂದರೆ 20 ಕಿಲೋಮೀಟರ್ ಆಸುಪಾಸು. ಅಲ್ಲಿ ಸುತ್ತಲಿನ ಕಲ್ಲೇ ಕರಗುವಷ್ಟು ಬಿಸಿಯಿತ್ತು. ಚೂಪಾದ ಅಂಚು ಎಲ್ಲಿಂದ ಬರಬೇಕು? ಉತ್ತರದಲ್ಲಿ ಕಾಣುವುದು ಹೆಚ್ಚು ಮೇಲಿನ ಮಟ್ಟ. ತಣ್ಣಗಿನ ಕಲ್ಲಿಗೆ ಮ್ಯಾಗ್ಮಾ ನುಗ್ಗಿದ್ದರಿಂದ ಅಂಚು ಸ್ಪಷ್ಟ. ಒಂದೇ ಗ್ರಾನೈಟಿನ ಬೇರು ಮತ್ತು ನೆತ್ತಿ ಎರಡನ್ನೂ ನೆಲದ ಮೇಲೆ ನಡೆದು ನೋಡಬಹುದಾದ ಜಾಗಗಳು ಪ್ರಪಂಚದಲ್ಲಿ ಕಡಿಮೆ. ಅದು ಬೆಂಗಳೂರಿನಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಇದೆ, ಆಶ್ಚರ್ಯ ಅಲ್ವಾ?

ಕಬ್ಬಾಳದುರ್ಗಕ್ಕೆ ಹೋದವರು ಅಲ್ಲಿಯ ಕ್ವಾರಿಯ ಹಸಿರುಗಪ್ಪು ತೇಪೆಗಳನ್ನು ನೋಡದೆ ಬರಬೇಡಿ. ಬೂದು ನೈಸ್ ಅಲ್ಲಲ್ಲಿ ಚಾರ್ನಕೈಟ್ ಆಗಿ ತಿರುಗಿದೆ. 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ಇದನ್ನು ಜಗತ್ತಿಗೆ ತೋರಿಸಿದರು. ಇಂಗಾಲದ ಡೈ ಆಕ್ಸೈಡ್ ಹೆಚ್ಚಿರುವ ದ್ರವಗಳು ಬಿರುಕುಗಳಲ್ಲಿ ಹರಿದು ಕಲ್ಲಿನ ನೀರನ್ನು ಹೊರಹಾಕಿದವು ಎನ್ನುವ ವಿವರಣೆ ಆಮೇಲೆ ಬಂತು. ಅದು ಗ್ರಾನೈಟ್ ಅಲ್ಲ, ಆದರೆ ಅದರ ನೆರೆಮನೆಯಲ್ಲಿ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ ನಡೆದದ್ದು.

ಹಂತ 8: ವಯಸ್ಸು

ಜಿರ್ಕಾನ್ ಎನ್ನುವ ಪುಟ್ಟ ಹರಳು ಹುಟ್ಟುವಾಗ ಯುರೇನಿಯಂ ಒಳಗೆ ತೆಗೆದುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ಈಗ ಒಳಗಿರುವ ಸೀಸವೆಲ್ಲ ಯುರೇನಿಯಂ ಒಡೆದು ಬಂದದ್ದು. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿವೆ. ಯುರೇನಿಯಂ 238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, 235ರದ್ದು ಸುಮಾರು 70 ಕೋಟಿ. 252 ಕೋಟಿ ವರ್ಷ ಕಳೆದರೆ ಮೊದಲನೆಯದರಲ್ಲಿ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ, ಎರಡನೆಯದರಲ್ಲಿ 8 ಶೇಕಡಾ ಚಿಲ್ಲರೆ ಮಾತ್ರ. ಎರಡೂ ಒಂದೇ ವಯಸ್ಸು ಹೇಳಿದರೆ ಹರಳು ಕೆಟ್ಟಿಲ್ಲ ಎಂದು ನಂಬಬಹುದು. ಹೇಳದಿದ್ದರೆ ಸೀಸ ಸೋರಿಹೋಗಿದೆ, ಇಲ್ಲವೇ ಎರಡು ವಯಸ್ಸಿನ ಭಾಗಗಳು ಬೆರೆತಿವೆ.

ಯಂತ್ರಕ್ಕೆ ಹಾಕುವ ಮೊದಲು ಕ್ಯಾಥೋಡೋಲ್ಯುಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಹಾಯಿಸಿದಾಗ ಹರಳು ಹೊಳೆಯುವ ಚಿತ್ರ) ತೆಗೆಸಿ. ಹರಳಿನ ಒಳಗೆ ಹಳೆಯ ತಿರುಳು, ಅದರ ಸುತ್ತ ಹೊಸ ಪದರ ಕಾಣಬಹುದು. ಹೊಸ ಪದರ ಗ್ರಾನೈಟಿನ ವಯಸ್ಸು ಹೇಳುತ್ತದೆ. ತಿರುಳು ಕರಗಿಹೋದ ಹಳೆಯ ಕಲ್ಲಿನದು. ಎರಡರ ಮೇಲೂ ಲೇಸರ್ ಬಿದ್ದರೆ ಯಾರದೂ ಅಲ್ಲದ ವಯಸ್ಸು ಬರುತ್ತದೆ.

ಕ್ಲೋಸ್‌ಪೇಟೆಗೆ ಫ್ರೆಂಡ್ ಮತ್ತು ನಟ್‌ಮನ್ 1991ರಲ್ಲಿ 251.3 ಕೋಟಿ ವರ್ಷ ಎಂದರು. 1995ರಲ್ಲಿ ಜಯಾನಂದ ಮತ್ತು ಸಂಗಡಿಗರು 251.8 ಕೋಟಿ ಎಂದರು. ಎರಡರಲ್ಲೂ 50 ಲಕ್ಷ ವರ್ಷ ಆಚೀಚೆ. ಅಂದಮೇಲೆ ಎರಡೂ ಒಂದೇ ಉತ್ತರ. ಈ ಅಂತರದ ಮೇಲೆ ಸಿದ್ಧಾಂತ ಕಟ್ಟಲು ಹೋಗಬೇಡಿ.

ಹಂತ 9: ಯಾವ ಪರಿಸ್ಥಿತಿಯಲ್ಲಿ ಹುಟ್ಟಿತು?

ಇಲ್ಲಿ ಎಲ್ಲರೂ ಪಿಯರ್ಸ್ ನಕ್ಷೆಗೆ ಓಡುತ್ತಾರೆ. 1984ರದ್ದು. ರುಬಿಡಿಯಂ ಒಂದು ಕಡೆ, ಇಟ್ರಿಯಂ ಮತ್ತು ನಿಯೋಬಿಯಂ ಮೊತ್ತ ಇನ್ನೊಂದು ಕಡೆ. ಚುಕ್ಕೆ ಜ್ವಾಲಾಮುಖಿ ಕಮಾನಿನ ಭಾಗದಲ್ಲಿ ಬಿತ್ತು, ಆದ್ದರಿಂದ ಇಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ಇಳಿಯುತ್ತಿತ್ತು ಎಂದು ಬರೆದುಬಿಡುತ್ತಾರೆ. ನನಗೆ ಈ ಆತುರ ಒಪ್ಪಿಗೆ ಇಲ್ಲ. ಆ ನಕ್ಷೆ ಮಾಡಿದ್ದು ಹೋಲಿಕೆಯಲ್ಲಿ ಇತ್ತೀಚಿನ ಗ್ರಾನೈಟುಗಳಿಂದ. ಗ್ರಾನೈಟ್ ತನ್ನ ಮೂಲ ಕಲ್ಲಿನ ರಸಾಯನವನ್ನು ಹೊತ್ತು ತರುತ್ತದೆ. ನಿಮ್ಮ ಚುಕ್ಕೆ ಹೇಳುತ್ತಿರುವುದು ಕರಗಿದ ನೈಸಿನ ಹುಟ್ಟಿನ ಕಥೆಯೂ ಇರಬಹುದು.

ಕ್ಲೋಸ್‌ಪೇಟೆಯ ಬಗ್ಗೆ ಬಲ್ಲವರೇ ಎರಡು ಕಡೆ ನಿಂತಿದ್ದಾರೆ. 2000ದಲ್ಲಿ ಚಾಡ್ವಿಕ್, ವಾಸುದೇವ್ ಮತ್ತು ಹೆಗಡೆ ಧಾರವಾಡ ಕ್ರೇಟಾನನ್ನು ಓರೆಯಾಗಿ ಬಂದು ಒತ್ತಿದ ಫಲಕಗಳ ಫಲ ಎಂದು ವಿವರಿಸಿದರು. ಅದೇ ವರ್ಷ ಜಯಾನಂದ ಮತ್ತು ಸಂಗಡಿಗರು ಮ್ಯಾಂಟಲಿನಿಂದ ಎದ್ದ ಬಿಸಿ ಸ್ತಂಭದ ಕಡೆ ವಾದಿಸಿದರು. ನಿಮ್ಮ ವರದಿಯಲ್ಲಿ ಎರಡನ್ನೂ ಬರೆಯಿರಿ. ನಿಮ್ಮ ಯಾವ ಸಾಕ್ಷಿ ಯಾವ ಕಡೆಗೆ ವಾಲುತ್ತದೆ, ಯಾವುದು ಎರಡಕ್ಕೂ ಹೊಂದುತ್ತದೆ ಎಂದು ಬಿಡಿಬಿಡಿಯಾಗಿ ಹೇಳಿ. ಮ್ಯಾಂಟಲಿಗೆ ಮೊದಲೇ ದ್ರವ ಸೇರಿತ್ತು ಎನ್ನುವುದು ಮೊದಲ ವಾದಕ್ಕೆ ಬಲ. ಇಡೀ ಪಟ್ಟಿಯ ಉದ್ದಕ್ಕೂ ಕೆಳಗಿನ ನೆಲ ಕರಗುವಷ್ಟು ಶಾಖ ಬಂದಿತ್ತು ಎನ್ನುವುದು ಎರಡನೆಯದಕ್ಕೆ.

ಸಮೇರಿಯಂ–ನಿಯೋಡಿಮಿಯಂ ಐಸೋಟೋಪ್ ಅಳತೆ ಮಾಡಿಸಲು ದುಡ್ಡು ಇದ್ದರೆ ಮಾಡಿಸಿ. ಹಳೆಯ ನೆಲ ಎಷ್ಟು ಬೆರೆತಿದೆ ಎನ್ನುವ ಅಂದಾಜು ಅದರಿಂದ ಸಿಗುತ್ತದೆ. ದುಡ್ಡು ಇಲ್ಲದಿದ್ದರೆ ಪ್ರತಿ ಮಾದರಿಯ ಅರ್ಧ ತುಂಡನ್ನೂ, ಉಳಿದ ಪುಡಿಯನ್ನೂ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಜಿಪಿಎಸ್ ಓದಿಕೆ ಬರೆದ ಚೀಟಿಯ ಜೊತೆ ವಿಭಾಗದ ಕಪಾಟಿನಲ್ಲಿಟ್ಟು ಹೋಗಿ. ಮುಂದಿನ ಬ್ಯಾಚಿನವರು ಅದೇ ಕ್ವಾರಿಗೆ ಹೋಗುವಷ್ಟರಲ್ಲಿ ಆ ಗೋಡೆ ಜಲ್ಲಿಯಾಗಿ ರಸ್ತೆ ಸೇರಿರುವ ಸಾಧ್ಯತೆಯೇ ಹೆಚ್ಚು.